ಸುಂಕದ ಕಟ್ಟೆಯಲ್ಲಿ ಕಲಾಕೃತಿ

ಕಲೆಗೆ ದೇಶಕಾಲಗಳ ಎಲ್ಲೆಯಿಲ್ಲವೆಂಬುದು ಸಭೆ ಸಮಾರಂಭಗಳಲ್ಲಿ ನಾವು ಪದೇ ಪದೇ ಕೇಳುವ ಮಾತು. ಮಾತೇನೋ ಸೊಗಸಾಗಿದೆ. ಆದರೆ ಕಲೆಗೆ ಎಲ್ಲೆಯಿಲ್ಲದಿದ್ದರೂ ಕಲಾಕೃತಿಗೆ ಎಲ್ಲೆಯುಂಟು. ಆ ಎಲ್ಲೆಯ ಮೇಲೊಂದು ಸುಂಕದ ಕಟ್ಟೆಯೂ ಉಂಟು. ಇಟಲಿಯ ಚಿತ್ರವೊಂದು ಬೆಂಗಳೂರಿಗೆ ಬರಬೇಕಾದರೂ ಸರಿಯೆ, ನಮ್ಮ ನಾಡಿನ ವಿಗ್ರಹವೊಂದು ನ್ಯೂಯಾರ್ಕಿಗೆ ಹೋಗಬೇಕಾದರೂ ಸರಿಯೆ, ಅದು ಮರದ ಪೆಟ್ಟಿಗೆಯೊಳಗೆ ಮಲಗಿ, ಅಧಿಕಾರಿಗಳ ಮೇಜಿನ ಮುಂದೆ ತನ್ನ ಕುಲಗೋತ್ರಗಳನ್ನು ಒಪ್ಪಿಸಿ, ಯಾರ ಮನೆಯಿಂದ ಯಾರ ಮನೆಗೆ, ಎಷ್ಟು ದಿನಕ್ಕೆ, ಯಾವ ಕಾರಣಕ್ಕೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಮುಂದಕ್ಕೆ ಹೋಗಬೇಕು. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ನಮ್ಮಲ್ಲಿದೆ. ಈ ಒಂದು ವಿಷಯದಲ್ಲಿ ಮಾತ್ರ ಆ ಗಾದೆ ಪೂರ್ತಿ ನಿಜವಾಗದು. ಹೇಳಿಕೊಳ್ಳುವ ಕ್ರಮ ತಿಳಿದು ಹೇಳಿಕೊಂಡರೆ ಸುಂಕದವನು ಇಲ್ಲಿ ಕಿವಿಗೊಡುತ್ತಾನೆ. ಸುಂಕವನ್ನು ಬಿಟ್ಟೂ ಕೊಡುತ್ತಾನೆ.

ಹಾಗೆ ಬಿಟ್ಟುಕೊಡುವ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಸುತ್ತ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ಅನೇಕವಾಗಿವೆ. ಆ ಅರಸರ ಕಾಲದ ಕನ್ನಡ ಶಾಸನಗಳನ್ನು ಓದುವವರಿಗೆ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ದೇವರ ನಂದಾದೀವಿಗೆಗೋ, ಗುಡಿಯ ಜೀರ್ಣೋದ್ಧಾರಕ್ಕೋ ಸುಂಕದ ಅಧಿಕಾರಿಯು ತನ್ನ ಆದಾಯದಲ್ಲಿ ಇಂತಿಷ್ಟನ್ನು ಬಿಟ್ಟುಕೊಟ್ಟನೆಂದು ಅವು ಹೇಳುತ್ತವೆ. ಯಾವ ತೆರಿಗೆಯ ಕಾಟವೂ ಇಲ್ಲದ ಭೂಮಿಗೆ ಸರ್ವನಮಸ್ಯವೆಂದು ಹೆಸರು. ಹತ್ತು ಜನಕ್ಕೆ ಒಳಿತಾಗುವ ಕಡೆ ಪ್ರಭುತ್ವವು ತನ್ನ ಹಕ್ಕನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂಬ ತತ್ತ್ವ ಅದರಲ್ಲಡಗಿದೆ. ಇಂದು ಪರದೇಶದ ಕಲಾಕೃತಿಗೆ ಕೊಡುವ ವಿನಾಯಿತಿಯ ಬೇರೂ ಇದೇ. ವ್ಯತ್ಯಾಸವೇನೆಂದರೆ, ಅಂದು ಅದನ್ನು ಕಲ್ಲಿನ ಮೇಲೆ ಕೊರೆಯಿಸಿ ಆಚಂದ್ರಾರ್ಕವಾಗಿ ನಡೆಯಲೆಂದು ಹರಸುತ್ತಿದ್ದರು. ಇಂದು ಆರು ತಿಂಗಳ ಗಡುವು ಹಾಕಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. 2025ರಲ್ಲಿ ಇಟಲಿಯ ವರ್ಣಚಿತ್ರವೊಂದು ಭಾರತಕ್ಕೆ ಬಂದಿತು. ಕಾರವಾಜಿಯೊ ಎಂಬ ಹೆಸರಿನಿಂದ ಲೋಕಪ್ರಸಿದ್ಧನಾದ ಚಿತ್ರಕಾರನು 1606ರಲ್ಲಿ, ರೋಮಿನಲ್ಲಿ ಒಬ್ಬನನ್ನು ಕೊಂದು ತಲೆಮರೆಸಿಕೊಂಡಿದ್ದಾಗ ಬರೆದನೆನ್ನುವ ಭಾವಪರವಶಳಾದ ಮಗ್ದಲೇನಳ ಚಿತ್ರವದು. ಬಹುಕಾಲ ಕಣ್ಮರೆಯಾಗಿದ್ದ ಅದನ್ನು 2014ರಲ್ಲಿ ಮೀನಾ ಗ್ರೆಗೋರಿ ಎಂಬ ವಿದುಷಿ ಗುರುತಿಸಿದರು. ಮೊದಲು ದೆಹಲಿಯಲ್ಲಿ, ತರುವಾಯ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅದು ಪ್ರದರ್ಶಿತವಾಯಿತು. ಕೊಟ್ಟೂರಿನಿಂದಲೋ ಹಡಗಲಿಯಿಂದಲೋ ರಾತ್ರಿಯ ಬಸ್ಸು ಹತ್ತಿದ ವಿದ್ಯಾರ್ಥಿಯೊಬ್ಬನು ಬೆಳಗಾದ ಮೇಲೆ, ನಾನೂರು ವರ್ಷಗಳ ಹಿಂದಿನ ಆ ಚಿತ್ರದ ಮುಂದೆ ನಿಲ್ಲಬಹುದಾಗಿತ್ತು. ಇದೇನು ಸಾಮಾನ್ಯ ಸಂಗತಿಯೆ? ಅದನ್ನು ಕಾಣಲು ಯೂರೋಪಿಗೆ ಹೋಗುವ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ? ತಾತ್ಕಾಲಿಕ ಆಮದೆಂಬ ಶುಷ್ಕವಾದ ಕಾನೂನಿನ ಮಾತಿನಲ್ಲಿ ಅಡಗಿರುವ ಬೆಲೆ ಇದು. ನಾವು ಅಲ್ಲಿಗೆ ಹೋಗಲಾರೆವಾದ್ದರಿಂದ ಅದು ಇಲ್ಲಿಗೆ ಬರುತ್ತದೆ.

ಹೀಗೆ ಬರುವ ಅತಿಥಿಗೆ ಕಟ್ಟೆಯಲ್ಲಿ ಕೇಳುವ ಮೊದಲ ಪ್ರಶ್ನೆ, ನೀನು ಹಿಂದಿರುಗಿ ಹೋಗುವೆಯಾ ಎಂಬುದು. ಕಾರಣ ಸರಳ. ಮಾರಾಟಕ್ಕೆಂದು ಬಂದ ಸರಕಿಗೆ ಸುಂಕವುಂಟು. ನೋಡಲೆಂದು ತಂದು ಹಿಂದಕ್ಕೆ ಕಳುಹಿಸುವ ವಸ್ತುವಿಗೆ ಸುಂಕ ಹಾಕುವುದು ನ್ಯಾಯವಲ್ಲ. ಆದರೆ ನೋಡಲು ತಂದೆನೆಂದು ಹೇಳಿ ಮಾರಿಕೊಂಡರೆ? ಈ ಸಂಶಯದಿಂದಲೇ ಎಲ್ಲ ಕಾಗದಪತ್ರಗಳೂ ಹುಟ್ಟಿರುವುದು. ಮದುವೆಗೆ ನೆರೆಮನೆಯ ಸರವನ್ನು ಎರವಲು ಕೊಡುವಾಗ ನಮ್ಮ ಹೆಂಗಸರು ಎಳೆ ಎಣಿಸಿ, ಕೊಂಡಿ ನೋಡಿ, ನಾಲ್ಕು ಜನರ ಎದುರಿಗೆ ಕೊಡುತ್ತಾರಲ್ಲವೆ? ಅದನ್ನೇ ರಾಷ್ಟ್ರಗಳು ದೊಡ್ಡ ಪ್ರಮಾಣದಲ್ಲಿ ಮಾಡುತ್ತವೆ. 1961ರ ಡಿಸೆಂಬರಿನಲ್ಲಿ ಬ್ರಸೆಲ್ಸ್ ನಗರದಲ್ಲಿ ಆದ ಒಪ್ಪಂದವೊಂದರಂತೆ ಎ.ಟಿ.ಎ. ಕಾರ್ನೆ ಎಂಬ ರಹದಾರಿ ಪುಸ್ತಕ ಬಳಕೆಗೆ ಬಂದಿತು. ವಸ್ತುಗಳ ಪಟ್ಟಿ, ಬೆಲೆ, ಗುರುತು ಎಲ್ಲವೂ ಅದರಲ್ಲಿರುತ್ತವೆ. ಒಳಬರುವಾಗ ಒಂದು ಹಾಳೆ ಹರಿಯುತ್ತಾರೆ, ಹೊರಹೋಗುವಾಗ ಇನ್ನೊಂದು. ವಸ್ತು ಹಿಂದಿರುಗದಿದ್ದರೆ ಸುಂಕವನ್ನು ತುಂಬಿಕೊಡುವ ಹೊಣೆ ಜಾಮೀನು ನಿಂತ ಸಂಸ್ಥೆಯದು. ಭಾರತದಲ್ಲಿ ಈ ಜಾಮೀನಿನ ಹೊಣೆ ಹೊತ್ತಿರುವುದು ವಾಣಿಜ್ಯ ಮತ್ತು ಕೈಗಾರಿಕಾ ಮಂಡಲಗಳ ಒಕ್ಕೂಟವಾದ ಫಿಕ್ಕಿ. ಈ ಕ್ರಮದಲ್ಲಿ ಸುಂಕವಿಲ್ಲದೆ ಬರಬೇಕಾದರೆ ಪ್ರದರ್ಶನವು ಸಾರ್ವಜನಿಕ ಹಿತಕ್ಕಾಗಿ ನಡೆಯುವಂಥದ್ದೆಂದು ಭಾರತ ಸರಕಾರದ ಒಪ್ಪಿಗೆ ಬೇಕೆಂಬುದು ನಮ್ಮ ಸುಂಕದ ಅಧಿಸೂಚನೆಯ ಷರತ್ತು.

ಕಾರ್ನೆಯಲ್ಲದೆ ಇನ್ನೊಂದು ದಾರಿಯೂ ಉಂಟು. ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರು ನೋಡಲೆಂದು ತರುವ ಚಿತ್ರ, ಶಿಲ್ಪ, ಪ್ರಾಚ್ಯವಸ್ತುಗಳಿಗೆ ಆಮದು ಸುಂಕದಿಂದ ವಿನಾಯಿತಿ ಕೊಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಇದ್ದಿತು. 2011ರ ಆಯವ್ಯಯದಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದಿರುವ ಖಾಸಗಿ ಕಲಾಮಂದಿರಗಳಿಗೂ ವಿಸ್ತರಿಸಿದರು. ನನ್ನ ಎಣಿಕೆಯಲ್ಲಿ ಇದು ಒಳ್ಳೆಯ ಕೆಲಸ. ಚಿತ್ರವನ್ನು ನೋಡುವವನಿಗೆ ಗೋಡೆ ಸರಕಾರದ್ದೋ ಖಾಸಗಿಯದೋ ಎಂಬುದರಿಂದ ಏನಾಗಬೇಕಾಗಿದೆ?

ಇಲ್ಲಿ ಒಂದು ಸೋಜಿಗದ ತೊಡಕುಂಟು. ನಮ್ಮ 1972ರ ಪ್ರಾಚ್ಯವಸ್ತುಗಳ ಮತ್ತು ಕಲಾನಿಧಿಗಳ ಕಾಯಿದೆಯು 1976ರ ಏಪ್ರಿಲ್ 5ರಿಂದ ಜಾರಿಗೆ ಬಂದಿತು. ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ, ನಾಣ್ಯ, ಶಾಸನ ಮೊದಲಾದವು ಅದರ ಪ್ರಕಾರ ಪ್ರಾಚ್ಯವಸ್ತುಗಳು. ಹಸ್ತಪ್ರತಿಗಳಿಗಾದರೆ 75 ವರ್ಷ ಸಾಕು. ಇವುಗಳನ್ನು ದೇಶದ ಹೊರಕ್ಕೆ ಸಾಗಿಸುವ ಅಧಿಕಾರ ಕೇಂದ್ರ ಸರಕಾರಕ್ಕೆ ಅಥವಾ ಅದು ನೇಮಿಸಿದ ಸಂಸ್ಥೆಗೆ ಮಾತ್ರ. ತಪ್ಪಿ ನಡೆದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸ. ಆದರೆ ವಸ್ತುವು ಎಲ್ಲಿ ತಯಾರಾದುದು ಎಂಬುದನ್ನು ಆ ವ್ಯಾಖ್ಯೆ ಕೇಳುವುದಿಲ್ಲ. ಅಕ್ಷರಶಃ ಓದಿದರೆ 1606ರ ಇಟಲಿಯ ಚಿತ್ರವೂ ನಮ್ಮ ನೆಲದ ಮೇಲೆ ಇಳಿದೊಡನೆ ಪ್ರಾಚ್ಯವಸ್ತುವೇ! ಆದ್ದರಿಂದ ಹೊರಗಿನಿಂದ ಬಂದದ್ದೆಂಬುದನ್ನು ಸಿದ್ಧಪಡಿಸುವ ಒಳಬರುವಿಕೆಯ ಕಾಗದವೇ ಅದು ಹೊರಹೋಗಲು ಕೀಲಿಕೈ. ಬರುವಾಗ ಚಿತ್ರಸಹಿತವಾಗಿ, ಅಳತೆಸಹಿತವಾಗಿ ದಾಖಲೆಯಾಗದ ಅತಿಥಿಯು ಹೋಗುವಾಗ ತಾನು ಅತಿಥಿಯೆಂದು ಹೇಗೆ ತೋರಿಸಿಕೊಡಬೇಕು?

ಕಾಗದದ ಕೆಲಸ ಮುಗಿದ ಮೇಲೆ ಉಳಿಯುವುದು ವಸ್ತುವಿನ ಆರೈಕೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ಕೊಡುವ ಮನೆಯ ಪ್ರತಿನಿಧಿಯೊಬ್ಬನು ಪೆಟ್ಟಿಗೆಯ ಜೊತೆಗೇ ಪ್ರಯಾಣ ಮಾಡುತ್ತಾನೆ. ಪೆಟ್ಟಿಗೆಯನ್ನು ಬಂದೊಡನೆ ತೆರೆಯುವುದಿಲ್ಲ. ಒಂದು ಹಗಲೂ ಒಂದು ರಾತ್ರಿಯೂ ಹೊಸ ಹವೆಗೆ ಹೊಂದಿಕೊಳ್ಳಲು ಬಿಡುತ್ತಾರೆ. ಅನಂತರ ಒಂದೊಂದು ಬಿರುಕನ್ನೂ ಹಳೆಯ ಪಟ್ಟಿಯೊಡನೆ ತಾಳೆ ನೋಡಿ ಇಬ್ಬರೂ ಸಹಿ ಹಾಕುತ್ತಾರೆ. ನೀರುಬಣ್ಣದ ಚಿತ್ರದ ಮೇಲೆ ಬೀಳುವ ಬೆಳಕು 50 ಲಕ್ಸಿಗೆ ಮೀರಬಾರದು. ತೈಲಚಿತ್ರಕ್ಕೆ 200ರವರೆಗೆ ಆಗಬಹುದು. ನಮ್ಮ ಬಳ್ಳಾರಿ ಸೀಮೆಯ ಚೈತ್ರ ವೈಶಾಖದ ಬಿಸಿಲನ್ನು ಬಲ್ಲವರಿಗೆ, ಇಂತಹ ಅತಿಥಿಗಳು ಇನ್ನೂ ಬೆಂಗಳೂರಿನಿಂದ ಈಚೆಗೆ ಏಕೆ ಬರುತ್ತಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ.

ಇಷ್ಟೂ ಸುಂಕದ ಮಾತಾಯಿತು. ಕಟ್ಟೆಯ ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು: ನೀನು ಯಾರ ವಸ್ತು? ಸುಂಕದ ತಕರಾರು ಹಣದಿಂದ ಬಗೆಹರಿಯುತ್ತದೆ. ಒಡೆತನದ ತಕರಾರು ಹಾಗಲ್ಲ. ಎರವಲು ಕೊಟ್ಟ ಮನೆಯವರಿಗೆ ಇರುವ ದೊಡ್ಡ ಭಯವೆಂದರೆ, ತಮ್ಮ ವಸ್ತು ಪರಸ್ಥಳದಲ್ಲಿರುವಾಗ ಯಾರಾದರೂ ಬಂದು ಇದು ನಮ್ಮ ಅಜ್ಜನದೆಂದು ದಾವೆ ಹೂಡಿ, ನ್ಯಾಯಾಲಯವು ಅದನ್ನು ಜಪ್ತಿ ಮಾಡಿಬಿಟ್ಟರೆ ಏನು ಗತಿ ಎಂಬುದು. ಆ ಭಯವನ್ನು ನಿವಾರಿಸಲು ಅಮೆರಿಕದ ಸಂಯುಕ್ತ ಸಂಸ್ಥಾನವು 1965ರ ಅಕ್ಟೋಬರಿನಲ್ಲಿ ಒಂದು ಕಾಯಿದೆ ಮಾಡಿತು. ರಷ್ಯದೊಡನೆ ಶೀತಲ ಸಮರ ನಡೆಯುತ್ತಿದ್ದ ಆ ದಿನಗಳಲ್ಲಿ, ರಷ್ಯದ ಕಲಾಕೃತಿಗಳನ್ನು ತರಿಸಿಕೊಳ್ಳಬೇಕೆಂಬ ಆಸೆಯೂ ಅದರ ಹಿಂದೆ ಇದ್ದಿತೆಂಬುದು ಗಮನಿಸತಕ್ಕದ್ದು. ರಾಜಕೀಯದಲ್ಲಿ ಹಗೆಯಾದವರ ಮನೆಯ ಚಿತ್ರವನ್ನು ನೋಡುವ ಆಸೆ ಹಗೆತನಕ್ಕಿಂತ ಬಲವಾಗಿತ್ತು.

ಆ ಕಾಯಿದೆಯ ಕ್ರಮ ಹೀಗಿದೆ. ಲಾಭದ ಉದ್ದೇಶವಿಲ್ಲದ ಕಲಾಸಂಸ್ಥೆಯೊಂದು ಪರದೇಶದ ಒಡೆಯನೊಡನೆ ಒಪ್ಪಂದ ಮಾಡಿಕೊಂಡು, ವಸ್ತುಗಳ ಪಟ್ಟಿಯೊಡನೆ ಸರಕಾರಕ್ಕೆ ಅರ್ಜಿ ಸಲ್ಲಿಸುತ್ತದೆ. ಸರಕಾರವು ಎರಡು ಮಾತುಗಳನ್ನು ನಿರ್ಧರಿಸಬೇಕು: ವಸ್ತುವು ಸಾಂಸ್ಕೃತಿಕ ಮಹತ್ವವುಳ್ಳದ್ದು, ಅದರ ತಾತ್ಕಾಲಿಕ ಪ್ರದರ್ಶನವು ರಾಷ್ಟ್ರದ ಹಿತಕ್ಕೆ ಅನುಕೂಲವಾದದ್ದು. ಈ ನಿರ್ಧಾರವು ವಸ್ತು ದೇಶದೊಳಗೆ ಕಾಲಿಡುವ ಮುನ್ನವೇ ಸರಕಾರಿ ಗೆಜೆಟ್ಟಿನಲ್ಲಿ ಪ್ರಕಟವಾಗಬೇಕು. ಪ್ರಕಟವಾಯಿತೋ, ಆಮೇಲೆ ಆ ದೇಶದ ಯಾವ ನ್ಯಾಯಾಲಯವೂ ಅದನ್ನು ಜಪ್ತಿ ಮಾಡುವಂತಿಲ್ಲ. ಇದೊಂದು ಅಭಯಪತ್ರ. ಬಂದಿಳಿದ ಮೇಲೆ ಕೇಳಿದರೆ ಸಿಕ್ಕದು.

ಅಭಯಪತ್ರವಿಲ್ಲದೆ ಹೋದರೆ ಏನಾಗಬಹುದೆಂಬುದಕ್ಕೆ ಪ್ರಸಿದ್ಧ ನಿದರ್ಶನವುಂಟು. ಆಸ್ಟ್ರಿಯದ ಎಗಾನ್ ಶೀಲೆ ಎಂಬ ಚಿತ್ರಕಾರನು ಬರೆದ ವಾಲಿ ಎಂಬ ತರುಣಿಯ ಭಾವಚಿತ್ರವನ್ನು ವಿಯೆನ್ನಾದ ಲಿಯೊಪೋಲ್ಡ್ ಪ್ರತಿಷ್ಠಾನವು 1997ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಎರವಲು ಕೊಟ್ಟಿತು. ನಾತ್ಸಿಗಳ ಕಾಲದಲ್ಲಿ ಲೀ ಬೊಂಡಿ ಎಂಬ ಯಹೂದಿ ಮಹಿಳೆಯಿಂದ ಕಿತ್ತುಕೊಂಡ ಚಿತ್ರವದೆಂದು ಆಕೆಯ ವಾರಸುದಾರರು ತಗಾದೆ ತೆಗೆದರು. ಸಂಗ್ರಹಾಲಯವು ಒಕ್ಕೂಟ ಸರಕಾರದ ಅಭಯವನ್ನು ಪಡೆದಿರಲಿಲ್ಲ. 1998ರ ಜನವರಿಯಲ್ಲಿ, ಪ್ರದರ್ಶನ ಮುಗಿದು ಚಿತ್ರ ಹೊರಡುವ ಹೊತ್ತಿಗೆ ಅದನ್ನು ತಡೆಹಿಡಿಯಲಾಯಿತು. ವ್ಯಾಜ್ಯ ಮುಗಿದದ್ದು 2010ರಲ್ಲಿ. ಪ್ರತಿಷ್ಠಾನವು 1 ಕೋಟಿ 90 ಲಕ್ಷ ಡಾಲರುಗಳನ್ನು ವಾರಸುದಾರರಿಗೆ ಕೊಟ್ಟು ಚಿತ್ರವನ್ನು ಮನೆಗೆ ಕರೆದೊಯ್ಯಿತು. ಮೂರು ತಿಂಗಳ ನೆಂಟಸ್ತಿಕೆಗೆಂದು ಹೋದವಳು ಹನ್ನೆರಡು ವರ್ಷ ಪರಸ್ಥಳದಲ್ಲಿ ಕಳೆದಳು.

ಮತ್ತೊಂದು ಪ್ರಸಂಗ ಇದಕ್ಕಿಂತ ವಿಚಿತ್ರ. 2005ರ ನವೆಂಬರಿನಲ್ಲಿ ಮಾಸ್ಕೋದ ಪುಷ್ಕಿನ್ ಸಂಗ್ರಹಾಲಯದ ಐವತ್ತಕ್ಕೂ ಹೆಚ್ಚು ಚಿತ್ರಗಳು ಸ್ವಿಟ್ಜರ್ಲೆಂಡಿನಲ್ಲಿ ಪ್ರದರ್ಶನ ಮುಗಿಸಿ ಲಾರಿಗಳಲ್ಲಿ ಹಿಂದಿರುಗುತ್ತಿದ್ದಾಗ, ರಷ್ಯ ಸರಕಾರದಿಂದ ತನಗೆ ಸಾಲ ಬರಬೇಕೆಂದು ವಾದಿಸುತ್ತಿದ್ದ ವ್ಯಾಪಾರ ಸಂಸ್ಥೆಯೊಂದು ಅವುಗಳನ್ನು ತಡೆಯಿಸಿತು. ಚಿತ್ರಗಳ ಒಡೆತನದ ಬಗ್ಗೆ ಅದಕ್ಕೆ ತಕರಾರೇ ಇರಲಿಲ್ಲ. ಸಾಲಗಾರನ ಎತ್ತನ್ನು ಸಂತೆಯ ದಾರಿಯಲ್ಲಿ ಹಿಡಿದು ಕಟ್ಟುವ ನಮ್ಮ ಹಳೆಯ ಸಾಹುಕಾರರ ನೆನಪಾಗುತ್ತದೆ. ಕೊನೆಗೆ ಸ್ವಿಸ್ ಸರಕಾರವೇ ನಡುವೆ ಬಂದು ಬಿಡಿಸಬೇಕಾಯಿತು. 2007ರಲ್ಲಿ ಬ್ರಿಟನ್ನಿನವರೂ ಇಂತಹ ಅಭಯದ ವಿಧಿಯನ್ನು ತಮ್ಮ ಕಾನೂನಿನಲ್ಲಿ ಸೇರಿಸಿಕೊಂಡರು.

ನಮ್ಮ 1972ರ ಕಾಯಿದೆಯಲ್ಲಿ ಈ ಬಗೆಯ ಅಭಯದ ಮಾತಿಲ್ಲ. ಹಾಗಿದ್ದರೂ ದೊಡ್ಡ ಅತಿಥಿಗಳು ನಮ್ಮಲ್ಲಿಗೆ ಬಂದಿಲ್ಲವೆಂದಲ್ಲ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ 2013ರ ಡಿಸೆಂಬರಿನಲ್ಲಿ ಸೈರಸ್ ಚಕ್ರವರ್ತಿಯ ಜೇಡಿಮಣ್ಣಿನ ಶಾಸನ ಬಂದಿತು. ಅದು 1879ರಲ್ಲಿ ಸಿಕ್ಕಿದ್ದು ಬಾಬಿಲೋನಿನಲ್ಲಿ, ಎಂದರೆ ಈಗಿನ ಇರಾಕಿನಲ್ಲಿ. ಬರೆಯಿಸಿದವನು ಪಾರಸಿಕರ ದೊರೆ. ಇಟ್ಟುಕೊಂಡಿರುವವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನವರು. ಭಕ್ತಿಯಿಂದ ನೋಡಲು ನಿಂತವರಲ್ಲಿ ಮುಂಬಯಿಯ ಪಾರಸಿಗಳು. ಒಂದು ಮಣ್ಣಿನ ಉರುಳೆಗೆ ಎಷ್ಟು ಮನೆಗಳ ನಂಟು! ನೋಡಿ ಮುಗಿಸಿ ಅದನ್ನು ಲಂಡನ್ನಿಗೆ ಹಿಂದಿರುಗಿಸಿದರು. 2017ರಲ್ಲಿ ಅದೇ ಸಂಗ್ರಹಾಲಯಕ್ಕೆ ಚಕ್ರ ಎಸೆಯುವ ಗ್ರೀಕ್ ಮಲ್ಲನ ರೋಮನ್ ಅಮೃತಶಿಲಾ ಪ್ರತಿಮೆಯೂ ಬಂದು ಹೋಯಿತು. ಇಂತಹ ಕೊಡುಕೊಳ್ಳುವಿಕೆಗಳಿಗೆ ಕಾಗದದಷ್ಟೇ ಮುಖ್ಯವಾದುದು ಹಿಂದೆ ಕೊಟ್ಟದ್ದನ್ನು ಹಿಂದಿರುಗಿಸಿದ ಹೆಸರು.

ಈಗ ಪ್ರಶ್ನೆಯನ್ನು ತಿರುಗಿಸಿ ನೋಡೋಣ. ನಾವು ಕೊಡುವ ಮನೆಯವರಾದಾಗ ಏನು? ನಮ್ಮ ಗುಡಿಗಳಲ್ಲಿ ಮೂಲಮೂರ್ತಿ, ಉತ್ಸವಮೂರ್ತಿ ಎಂಬ ಎರಡು ಬಗೆ. ಮೂಲಮೂರ್ತಿ ಗರ್ಭಗುಡಿಯನ್ನು ಬಿಟ್ಟು ಕದಲುವುದಿಲ್ಲ. ಉತ್ಸವಮೂರ್ತಿ ಪಲ್ಲಕ್ಕಿಯೇರಿ ಊರು ಸುತ್ತಿ ಹೊತ್ತಿಗೆ ಸರಿಯಾಗಿ ಗುಡಿ ಸೇರುತ್ತದೆ. ಯಾವುದು ಹೋಗಬಹುದು, ಯಾವುದು ಹೋಗಬಾರದು ಎಂಬ ಈ ವಿವೇಕ ಸರಕಾರಕ್ಕೂ ಬೇಕು. ಪಾಟ್ನಾದ ದೀದಾರ್‌ಗಂಜ್ ಯಕ್ಷಿಯು 1985ರಲ್ಲಿ ಭಾರತ ಉತ್ಸವದ ನಿಮಿತ್ತ ವಾಷಿಂಗ್ಟನ್ನಿಗೆ ಹೋಗಿ ಬಂದಳು. ಆ ಪ್ರಯಾಣದಲ್ಲಿ ಆಕೆಯ ಮುಖಕ್ಕೆ ಗಾಯವಾಯಿತೆಂದು ದೊಡ್ಡ ಗದ್ದಲವೆದ್ದಿತು. ಇನ್ನು ಆಕೆಯನ್ನು ಹೊರದೇಶಕ್ಕೆ ಕಳುಹಿಸತಕ್ಕದ್ದಲ್ಲವೆಂಬ ನಿಲುವು ಅದರಿಂದ ಬಲವಾಯಿತು. ನೆರೆಯ ಬಾಂಗ್ಲಾದೇಶದ ಅನುಭವ ಇನ್ನೂ ಕಹಿ. 2007ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಗಿಮೆ ಸಂಗ್ರಹಾಲಯಕ್ಕೆಂದು ಹೊರಟಿದ್ದ ಎರಡು ವಿಷ್ಣು ವಿಗ್ರಹಗಳು ಢಾಕಾ ವಿಮಾನ ನಿಲ್ದಾಣದಲ್ಲೇ ಕಳುವಾಗಿ, ಕೊನೆಗೆ ಚೂರುಗಳಾಗಿ ದೊರೆತವು. ಪ್ರದರ್ಶನವೇ ರದ್ದಾಯಿತು; ಮೊದಲೇ ಹೋಗಿದ್ದವು ಹಿಂದಿರುಗಿದವು. ಇಂತಹವುಗಳನ್ನು ಕೇಳಿದಾಗ, ಏನನ್ನೂ ಹೊರಗೆ ಕಳುಹಿಸಬಾರದೆಂದು ಹೇಳುವವರ ಮಾತು ಸರಿಯೆನ್ನಿಸುತ್ತದೆ. ಆದರೆ 2023ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಪ್ರಾಚೀನ ಬೌದ್ಧಶಿಲ್ಪಗಳ ಪ್ರದರ್ಶನ ನಡೆದಾಗ, ತೆಲಂಗಾಣದ ಫಣಿಗಿರಿ ಎಂಬ ಸಣ್ಣ ಊರಿನ ಕಲ್ಲುಗಳು ಅಲ್ಲಿ ನಿಂತವು. ಕೊಲ್ಹಾಪುರದಲ್ಲಿ ಸಿಕ್ಕ ಗ್ರೀಕ್ ಸಮುದ್ರದೇವತೆಯ ಪುಟ್ಟ ಕಂಚೂ ನಿಂತಿತು. ಅದುವರೆಗೆ ಫಣಿಗಿರಿಯ ಹೆಸರನ್ನು ಬಲ್ಲವರು ಪಂಡಿತರಷ್ಟೆ. ಕೊಡದೆ ಇಟ್ಟುಕೊಂಡದ್ದು ಸುರಕ್ಷಿತವಾಗಿರಬಹುದು. ಆದರೆ ಅದರ ಸುದ್ದಿ ಊರಾಚೆಗೆ ದಾಟುವುದಿಲ್ಲ.

ಅಭಯಪತ್ರಕ್ಕೆ ಇನ್ನೊಂದು ಮುಖವಿದೆ. ನಮ್ಮಂತಹ ಸೀಮೆಯವರು ಯೋಚಿಸಬೇಕಾದದ್ದು ಅದನ್ನೇ. ಜಪ್ತಿಯಿಲ್ಲವೆಂಬ ಮಾತು ನಾವು ಎರವಲು ಕೊಟ್ಟ ವಿಗ್ರಹಕ್ಕೆ ರಕ್ಷೆ. ಆದರೆ ನಮ್ಮ ಗುಡಿಯಿಂದ ಕದ್ದು ಒಯ್ದ ವಿಗ್ರಹವು ಮೂರನೆಯ ದೇಶದ ಸಂಗ್ರಹದಿಂದ ಪ್ರದರ್ಶನಕ್ಕೆ ಬಂದರೆ, ಅದೇ ಮಾತು ಕಳ್ಳಮಾಲಿಗೂ ರಕ್ಷೆಯಾಗಬಹುದಲ್ಲವೆ? ಈ ಅಪಾಯವನ್ನು ಕಾನೂನು ಮಾಡಿದವರು ಅರಿಯದವರಲ್ಲ. ಅದಕ್ಕಾಗಿಯೇ ಅಮೆರಿಕದ ಅರ್ಜಿಯಲ್ಲಿ, ವಸ್ತುವಿನ ಹಿಂದಿನ ಒಡೆತನವನ್ನು ತಾವು ವಿಚಾರಿಸಿರುವುದಾಗಿಯೂ, ಬೇರೆಯವರ ಹಕ್ಕಿನ ತಗಾದೆಯೇನೂ ತಮಗೆ ತಿಳಿದಿಲ್ಲವೆಂದೂ ಸಂಗ್ರಹಾಲಯವು ಪ್ರಮಾಣೀಕರಿಸಬೇಕು. ಇಲ್ಲಿ ಗಮನಿಸಿ: 'ತಿಳಿದಿಲ್ಲ' ಎಂದರೆ ಸಾಕು. ಹಾಗಾದರೆ ತಿಳಿಯುವಂತೆ ಮಾಡುವ ಹೊಣೆ ಯಾರದು? ವಿಗ್ರಹವಿದ್ದ ಊರಿನದು, ಅದರ ಪಟವೂ ಅಳತೆಯೂ ಎಲ್ಲಾದರೂ ಅಚ್ಚಾಗಿದ್ದರೆ.

ತಮಿಳುನಾಡಿನ ಶ್ರೀಪುರಂದಾನ್ ಎಂಬ ಹಳ್ಳಿಯ ಕಂಚಿನ ನಟರಾಜನ ಕಥೆ ಇದಕ್ಕೆ ಸಾಕ್ಷಿ. ಕಳುವಾದ ಆ ವಿಗ್ರಹವನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಕಲಾ ಸಂಗ್ರಹಾಲಯವು 2008ರಲ್ಲಿ ಸುಮಾರು 50 ಲಕ್ಷ ಡಾಲರು ಕೊಟ್ಟು ಕೊಂಡಿತು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಅದು ಗುಡಿಯಲ್ಲಿದ್ದಾಗಲೇ ತೆಗೆದಿಟ್ಟಿದ್ದ ಛಾಯಾಚಿತ್ರದೊಡನೆ ತಾಳೆ ನೋಡಿದಾಗ ಸತ್ಯ ಹೊರಬಿತ್ತು. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಪ್ರಧಾನಿಯೇ ದೆಹಲಿಗೆ ತಂದು ಒಪ್ಪಿಸಿದರು. ಕೋಟಿಗಟ್ಟಲೆ ಹಣದ ವ್ಯವಹಾರವನ್ನು ಮಗುಚಿದ್ದು ಒಂದು ಕಪ್ಪುಬಿಳುಪಿನ ಪಟ. 2024ರ ಜುಲೈಯಲ್ಲಿ ಭಾರತವೂ ಅಮೆರಿಕವೂ ಸಾಂಸ್ಕೃತಿಕ ಸ್ವತ್ತಿನ ಒಪ್ಪಂದಕ್ಕೆ ಸಹಿ ಹಾಕಿದವು. ನಮ್ಮ ಪ್ರಾಚ್ಯವಸ್ತುಗಳು ಕಳ್ಳದಾರಿಯಿಂದ ಅಲ್ಲಿಗೆ ಹೋಗದಂತೆ ಸುಂಕದ ಕಟ್ಟೆಯಲ್ಲೇ ತಡೆಯುವುದು ಅದರ ಉದ್ದೇಶ. ಆದರೆ ಎಂತಹ ಒಪ್ಪಂದವಿದ್ದರೂ ಕಟ್ಟೆಯ ಅಧಿಕಾರಿಗೆ ಹೋಲಿಸಿ ನೋಡಲು ಒಂದು ಪಟ ಬೇಕೇ ಬೇಕು.

ನಮ್ಮ ಐದು ತಾಲ್ಲೂಕುಗಳ ಪಟಗಳು ಎಲ್ಲಿವೆ? ಈ ವಿಷಯದಲ್ಲಿ ನಾವು ಪೂರ್ತಿ ಬಡವರಲ್ಲ. ಮದರಾಸು ಆಧಿಪತ್ಯದ ಕಾಲದಲ್ಲಿ ಅಲೆಗ್ಸಾಂಡರ್ ರೀ ಎಂಬ ಪುರಾತತ್ತ್ವ ಅಧಿಕಾರಿಯು ಬಳ್ಳಾರಿ ಜಿಲ್ಲೆಯ ಪಶ್ಚಿಮದ ಗುಡಿಗಳನ್ನು ಅಳೆದು ಬರೆಯಿಸಿ 1896ರಲ್ಲಿ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವನ್ನು ಹೊರತಂದನು. ಹೊಳೆಯ ದಂಡೆಯ ಕುರುವತ್ತಿಯ ಮಲ್ಲಿಕಾರ್ಜುನ, ಬಾಗಳಿಯ ಕಲ್ಲೇಶ್ವರ, ಹೂವಿನಹಡಗಲಿ, ಹಿರೇಹಡಗಲಿ, ಮಾಗಳ, ನೀಲಗುಂದ, ಅಂಬಳಿ ಇವುಗಳೆಲ್ಲ ಅದರಲ್ಲಿ ಸೇರಿವೆ. ಬಾಗಿಲವಾಡದ ಬಳ್ಳಿಯ ಸುರುಳಿಯನ್ನೂ ಬಿಡದೆ ಬರೆಯಿಸಿದ್ದಾನೆ. 1939ರಲ್ಲಿ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದ ಮೊದಲ ಭಾಗದಲ್ಲಿ ನಮ್ಮ ಸೀಮೆಯ ಕನ್ನಡ ಶಾಸನಗಳ ಪಾಠಗಳು ಅಚ್ಚಾದವು. ಕುರುವತ್ತಿಯ ಕಂಬದ ಮೇಲಿನ ಮದನಿಕೆ ನಾಳೆ ಎಲ್ಲಿಯಾದರೂ ಕಾಣಿಸಿಕೊಂಡರೆ, ಈಕೆ ನಮ್ಮವಳೆಂದು ಹೇಳಲು ಆ ಹಳೆಯ ಗ್ರಂಥ ಸಾಕ್ಷಿ ನುಡಿಯುತ್ತದೆ.

ಸಾಗಿಹೋದವುಗಳೂ ಉಂಟು. ಕೋಗಳಿ ಐನೂರಕ್ಕೆ ಮುಖ್ಯಪಟ್ಟಣವಾಗಿದ್ದ, ಗಂಗರ ದುರ್ವಿನೀತನು ಬಸದಿ ಕಟ್ಟಿಸಿದನೆಂದು ಶಾಸನವು ಹೇಳುವ ಕೋಗಳಿಯ ಲೋಹದ ಜಿನಬಿಂಬಗಳು ಮದರಾಸಿನ ಸರಕಾರಿ ಸಂಗ್ರಹಾಲಯವನ್ನು ಸೇರಿವೆ. ಆಗ ಅದು ನಮ್ಮದೇ ಆಧಿಪತ್ಯದ ರಾಜಧಾನಿ. ಕಳ್ಳತನವೂ ಅಲ್ಲ, ರಫ್ತೂ ಅಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಆ ದಿನ ಜಿನಬಿಂಬಗಳು ಕುಳಿತ ಜಾಗ ಬಿಟ್ಟು ಕದಲಲಿಲ್ಲ. ಆದರೂ ಬೆಳಗಾಗುವುದರೊಳಗೆ ಪರರಾಜ್ಯದವಾಗಿಬಿಟ್ಟವು. ಅವುಗಳನ್ನು ಕೆಲವು ತಿಂಗಳ ಮಟ್ಟಿಗೆ ಕಮಲಾಪುರದ ಹಂಪಿ ಸಂಗ್ರಹಾಲಯಕ್ಕೆ ಎರವಲು ತರಿಸಿ, ಕೋಗಳಿಯವರು ತಮ್ಮೂರಿನ ದೇವರನ್ನು ಒಮ್ಮೆ ನೋಡುವಂತೆ ಮಾಡಬಾರದೇಕೆ? ಇದಕ್ಕೆ ಸುಂಕವಿಲ್ಲ, ಕಾರ್ನೆಯಿಲ್ಲ, ಎರಡು ಸರಕಾರಗಳ ಪತ್ರವ್ಯವಹಾರ ಸಾಕು. ಇಟಲಿಯ ಚಿತ್ರ ಬೆಂಗಳೂರಿಗೆ ಬರಬಹುದಾದರೆ ಚೆನ್ನೈಯ ಪೆಟ್ಟಿಗೆಯೊಂದು ತುಂಗಭದ್ರೆಯ ಕಡೆಗೆ ಬರುವುದು ಅಸಾಧ್ಯವೇನಲ್ಲ.

ದಾಖಲೆಯೇ ಇಲ್ಲದವು ಇನ್ನೊಂದು ಬಗೆ. ಊರ ಹೊರಗಿನ ವೀರಗಲ್ಲು, ಕೆರೆಯ ಏರಿಯ ಮೇಲಿನ ಸಪ್ತಮಾತೃಕೆಯರು, ಬೇವಿನ ಕಟ್ಟೆಗೆ ಒರಗಿಸಿದ ತಲೆಯಿಲ್ಲದ ಸೂರ್ಯ ಇವರನ್ನು ಬರೆಯಿಸಲು ಯಾವ ರೀ ಸಾಹೇಬನೂ ಬರಲಿಲ್ಲ. ಕಲ್ಲಿನ ಶಿಲ್ಪವನ್ನು ತಮ್ಮ ವಶದಲ್ಲಿ ಇಟ್ಟುಕೊಂಡವರು ಅದನ್ನು ಪಟಸಹಿತವಾಗಿ ನೋಂದಾಯಿಸಬೇಕೆಂದು 1972ರ ಕಾಯಿದೆ ಹೇಳುತ್ತದೆ. ಬೇವಿನ ಕಟ್ಟೆಯ ಸೂರ್ಯ ಯಾರ ವಶದಲ್ಲಿದ್ದಾನೆ? ಹೀಗಾಗಿ ಅವನು ಯಾವ ಪಟ್ಟಿಗೂ ಸೇರುವುದಿಲ್ಲ. 1997ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಗುರುತುಪಟ್ಟಿಯ ಕ್ರಮವೊಂದಿದೆ. ಅದು ಕೇಳುವುದು ಬಹಳವೇನಲ್ಲ. ಪಟ, ಯಾವ ಬಗೆಯ ವಸ್ತು, ಯಾವುದರಿಂದ ಮಾಡಿದ್ದು, ಎತ್ತರ ಅಗಲ, ಬರಹವಿದ್ದರೆ ಬರಹ, ಮುಖ್ಯವಾಗಿ ಒಡಕು ಮುಕ್ಕುಗಳಂತಹ ವಿಶೇಷ ಗುರುತು. ಮುಂಭಾಗದಷ್ಟೇ ಹಿಂಭಾಗದ ಪಟವೂ ಬೇಕು, ಪಕ್ಕದಲ್ಲಿ ಅಳತೆಯ ಪಟ್ಟಿ ಇರಬೇಕು. ನಮ್ಮ ವಿದ್ಯಾರ್ಥಿಗಳ ಜೇಬಿನಲ್ಲಿರುವ ಫೋನೇ ಇದಕ್ಕೆ ಸಾಕು. ಮನೆಯಲ್ಲಿ ಅಕ್ಕನ ಹೊಲಿಗೆಯ ಟೇಪು ಇದ್ದೇ ಇರುತ್ತದೆ. ರಜೆಯಲ್ಲಿ ಊರಿಗೆ ಹೋಗುವವರು ತಂತಮ್ಮ ಊರಿನ ನಾಲ್ಕು ಕಲ್ಲುಗಳನ್ನು ಹೀಗೆ ಬರೆದು ತಂದು ಇತಿಹಾಸ ವಿಭಾಗಕ್ಕೆ ಒಪ್ಪಿಸಿ, ಒಂದು ಪ್ರತಿಯನ್ನು ಪುರಾತತ್ತ್ವ ಇಲಾಖೆಗೆ ಕಳುಹಿಸಬಹುದು.

ಬರೆಯುವಾಗ ತಾಲ್ಲೂಕಿನ ಹೆಸರಿನಲ್ಲಿ ಮಾತ್ರ ಎಚ್ಚರವಿರಲಿ. ಹಳೆಯ ಗ್ರಂಥಗಳಲ್ಲಿ ಕೋಗಳಿ ಹಡಗಲಿ ತಾಲ್ಲೂಕಿನ ಊರು, ಈಗ ಹಗರಿಬೊಮ್ಮನಹಳ್ಳಿಯದು. ಅಂಬಳಿ ಅಂದು ಕೂಡ್ಲಿಗಿಗೆ ಸೇರಿತ್ತು, ಈಗ ಕೊಟ್ಟೂರಿಗೆ. ಬಾಗಳಿ, ನೀಲಗುಂದಗಳಿರುವ ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಹಿಂದಿರುಗಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ದೂರದ ಕಟ್ಟೆಯೊಂದರಲ್ಲಿ ಕುಳಿತು ಪಟ್ಟಿ ತಿರುವಿಹಾಕುವ ಅಧಿಕಾರಿಗೆ ಇವೆಲ್ಲ ಒಂದೇ ಊರೆಂದು ತಿಳಿಯಬೇಕಾದರೆ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಒಂದೇ ಸಾಲಿನಲ್ಲಿ ಬರೆಯತಕ್ಕದ್ದು.